ಹೆಪ್ಪು

ನಮ್ಮ ಬಚ್ಚಲ ನೀರು ಹನ್ನೊಂದು ವರ್ಷ
ಸಣ್ಣತಾಯಮ್ಮನ ಬಾಗಿಲಿಗೆ ಹೋಯಿತು.
ನಾವು ಕಳಿಸಿದ್ದಲ್ಲ.
ಗುತ್ತಲಿನ ಆ ಓಣಿ ಅತ್ತ ವಾಲಿತ್ತು, ಅಷ್ಟೆ;
ನೀರಿಗೆ ನೆಂಟಸ್ತಿಕೆ ತಿಳಿಯದು, ಇಳಿಜಾರು ತಿಳಿಯುತ್ತದೆ.

ಅಕ್ಕಿ ತೊಳೆದದ್ದು, ಸೀಗೆಯ ನೊರೆ,
ಮುದ್ದೆಯ ತಪ್ಪಲೆ ನೆನೆಸಿದ್ದು, ಶನಿವಾರದ ಎಣ್ಣೆನೀರು,
ಮಗುವಿನ ಬಟ್ಟೆ ಹಿಂಡಿದ್ದು,
ನಮ್ಮ ಮನೆಯ ಸಮಾಚಾರವೆಲ್ಲ ಅವಳಿಗೆ ಗೊತ್ತು.
"ಇವತ್ತು ಮೀನು ಮಾಡವ್ರೆ," ಎಂದು ಅವಳು ಗೋಡೆಗೆ ಹೇಳುವಳು.
ಗೋಡೆ ನನಗೆ ಹೇಳುವುದು.

ನಗರಸಭೆಯವರು ಮೂರು ಸಲ ಟೇಪು ಹಿಡಿದು ಹೋದರು.
ಕಡೆಗೆ ಬಂದವನು ಗಾರೆ ಕೆಲಸದ ಜವರಯ್ಯ,
ಬಾಯಲ್ಲಿ ಬೀಡಿ, ಕೈಯಲ್ಲಿ ಸನಿಕೆ.
ಹಿತ್ತಲಲ್ಲಿ ಒಂದಾಳುದ್ದ ಅಗೆದ, ಸೊಂಟದಾಳ.
ತಳಕ್ಕೆ ಒಡೆದ ಹೆಂಚು, ಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು,
ನಾಲೆಯ ದಂಡೆಯಿಂದ ಕಿತ್ತು ತಂದ ಜೊಂಡು,
ಯಾರದೋ ಬೇಲಿಯ ಕಾಬಾಳೆ ಗೆಡ್ಡೆ.
ಬಚ್ಚಲ ಕೊಳವೆ ತಲೆಗೆ, ಇನ್ನೊಂದು ಕಾಲಿಗೆ.
"ಇದು ಹೊಟ್ಟೆ ಕನವ್ವ. ಉಣ್ಣದ್ನ ಕಲ್ತ್ಕಬೇಕು."

ಒಂದು ವಾರ.
ಒಳಗೆ ಹೋದ ನೀರು ಹೋದ ಹಾಗೇ ಬಂತು:
ಅದೇ ಬಣ್ಣ, ಅದೇ ನಾತ, ಬೂದು ನೊರೆಯ ಅದೇ ಮೀಸೆ.
ಜವರಯ್ಯ ಬಗ್ಗಿ ಮೂಸಿದ.
"ಬರೀ ಹಾಲಿಟ್ರೆ ಮೊಸರಾದದೇನವ್ವ? ಹೆಪ್ಪಾಕಿಲ್ವಲ್ಲ ನೀನು."

ಹೆಪ್ಪು ಎಲ್ಲಿದೆ ಎಂದರೆ
ಬೀಡಿಯ ತುದಿಯಿಂದ ಓಣಿಯಾಚೆ ತೋರಿಸಿದ.
ನಮ್ಮ ನೀರು ನಿಂತು ನಿಂತು
ಅವಳ ಮೆಟ್ಟಿಲ ಕೆಳಗೆ ಕರಿ ಲೋಳೆ ಕಟ್ಟಿತ್ತಲ್ಲ,
ಅದರಲ್ಲಿವೆಯಂತೆ, ಕಣ್ಣಿಗೆ ಕಾಣದವು,
ನಮ್ಮ ಮನೆಯ ಜಿಡ್ಡನ್ನೇ ಉಂಡು ವಂಶ ಬೆಳೆಸಿದವು,
ನಮ್ಮ ಸೋಪಿನ ರುಚಿ ಬಲ್ಲವು.

ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು ಅನ್ನುತ್ತಾರೆ.
ನಡುಹಗಲಲ್ಲೇ ಹೋದೆ, ಪ್ಲಾಸ್ಟಿಕ್ ಬಕೆಟ್ಟು ಹಿಡಿದು.
ಹನ್ನೊಂದು ವರ್ಷದ ನಂತರದ ಮೊದಲ ಮಾತು ಹೇಗಿರಬೇಕೆಂದು
ಯೋಚಿಸಿಟ್ಟದ್ದೆಲ್ಲ ಮರೆತು
"ನಿಮ್ಮ ಬಾಗಿಲ ಕೆಸರು ಒಂದು ಬಕೆಟ್ ಕೊಡಿ," ಎಂದೆ.
ಅವಳು ಮೊರ ಕೆಳಗಿಟ್ಟಳು.
ರಾಗಿಯಲ್ಲಿ ಕಲ್ಲು ಹುಡುಕುತ್ತಿದ್ದವಳು ನನ್ನ ಮುಖದಲ್ಲಿ ಹುಡುಕಿದಳು.
"ನಂದೆಲ್ಲಿ ಬಂತು ಕನೆ. ನಿಂದೇಯ ಅದು."

ಹೊತ್ತು ತಂದು ಜಲ್ಲಿಯ ಮೇಲೆ ಸುರಿದೆ.
ಅತ್ತೆಗೆ ಸಮಾಧಾನವಿಲ್ಲ;
ಚೊಕ್ಕಟವೆಂದರೆ ಅವರಿಗೆ ಫಿನಾಯಿಲು.
ಬಾಟಲಿಯನ್ನು ಅಟ್ಟದ ಮೇಲಿಟ್ಟೆ.
"ಹುಳ ಸಾಕ್ತಾವಳೆ ಸೊಸೆ," ಎಂದು ಬಂದವರಿಗೆಲ್ಲ ಹೇಳಿದರು.
ಸಾಕಿದೆ. ಹೌದು.
ನೆಂಟರು ಬಂದು ಹೋದ ದಿನ, ಒಗೆಯುವುದು ರಾಶಿ ಬಿದ್ದಾಗ,
ಒಳಗಿನವಕ್ಕೆ ಅಜೀರ್ಣವಾದೀತೆಂದು
ಅರ್ಧ ಬಟ್ಟೆ ನಾಳೆಗಿಟ್ಟೆ.

ಇಪ್ಪತ್ತೆರಡನೆಯ ಬೆಳಿಗ್ಗೆ
ಕಾಲಿನ ಕೊಳವೆಯ ನೀರನ್ನು
ಹಳೆ ಹಾರ್ಲಿಕ್ಸ್ ಬಾಟಲಿಗೆ ಹಿಡಿದೆ.
ಕಾವೇರಿಯೇನಲ್ಲ.
ಎರಡನೆಯ ಸಲ ಕುದಿಸಿದ ಟೀ ಸೊಪ್ಪಿನ ಬಣ್ಣ.
ಆದರೆ ಆಚೆ ಬದಿಯ ನನ್ನ ಬೆರಳು ಕಾಣುತ್ತಿತ್ತು,
ಉಂಗುರದ ಸವೆದ ಜಾಗವೂ.
ಮೂಸಿದೆ: ಮಣ್ಣು. ಬರೀ ಮಣ್ಣು,
ನೇಗಿಲು ಆಗ ತಾನೆ ಮಗ್ಗುಲಾಗಿಸಿದ್ದು.

ಓಣಿ ಒಣಗಿತು.
ತಿಂಗಳು ತುಂಬುವ ಮೊದಲೇ ಸಣ್ಣತಾಯಮ್ಮ ಬಂದಳು.
ಕೈಯಲ್ಲೊಂದು ಕೆಸುವಿನೆಲೆ, ಆನೆಕಿವಿಯಷ್ಟಿದ್ದದ್ದು
ಸುಟ್ಟ ಹಪ್ಪಳದಂತೆ ಮುದುರಿತ್ತು.
ಗೋಡೆಗಲ್ಲ, ನನಗೇ ಹೇಳಿದಳು:
"ಬಯ್ತಿದ್ದೆ ಅಂತ ನೀರೇ ನಿಲ್ಲಿಸ್ಬುಡದಾ?
ಅಷ್ಟ್ ವರ್ಸ ಕುಡ್ದು ಬೆಳ್ದಿದ್ದು ಕನೆ ಇದು."

ಜವರಯ್ಯ ಈಗ ಓಣಿ ಅಗೆಯುತ್ತಿದ್ದಾನೆ,
ಕಾಲಿನ ಕೊಳವೆಗೆ ಇನ್ನೊಂದು ಉದ್ದ ಕೊಳವೆ ಸೇರಿಸಿ.
ಮಟ್ಟಗೋಲು ಬೇಡವೆಂದ. ಅತ್ತಲೇ ವಾಲಿದೆಯಲ್ಲ.
ಅವಳು ಜಗುಲಿಯ ಮೇಲೆ ಕೂತು
ಇನ್ನೂ ಆಳ, ಇನ್ನೂ ಆಳ ಎನ್ನುತ್ತಿದ್ದಾಳೆ.
ಒಳಗೆ ಅಟ್ಟದ ಕೆಳಗೆ ನಿಂತು ಅತ್ತೆ ಕೇಳುತ್ತಿದ್ದಾರೆ,
ಯಾರವ್ವ ಅದು, ಅಷ್ಟು ಜೋರಾಗಿ ಮಾತಾಡೋದು?